ಒಂದೇ ಕಾವ್ಯ, ಹಲವು ಕೇಳುಗರು: ಗದುಗಿನ ನಾರಣಪ್ಪನ ಬದುಕು

ಗದಗ: ಡಿಜಿಟಲ್ ಮಾಧ್ಯಮ ಸಮಾಜವನ್ನು ಹೇಗೆ ರೂಪಿಸುತ್ತಿದೆ ಎಂಬುದು ಇಂದು ಪತ್ರಿಕೋದ್ಯಮ ವಿಭಾಗಗಳಲ್ಲಿ ಹೆಚ್ಚು ಚರ್ಚೆಯಾಗುತ್ತಿರುವ ವಿಷಯ. ಮಾಧ್ಯಮಕ್ಕೂ ಸಮಾಜಕ್ಕೂ ಇರುವ ನಂಟು ಮಾತ್ರ ಹೊಸತಲ್ಲ. ಅದನ್ನು ಅರಿಯಲು ಸುಮಾರು 600 ವರ್ಷಗಳ ಹಿಂದೆ ಇದೇ ನೆಲದಲ್ಲಿ ಕಾವ್ಯ ಕಟ್ಟಿದ ಕವಿಯೊಬ್ಬನ ಬದುಕು ನೆರವಾಗುತ್ತದೆ. ಆತನೇ ಗದುಗಿನ ನಾರಣಪ್ಪ. ನಾಡಿನ ಪಾಲಿಗೆ ಕುಮಾರವ್ಯಾಸ.

ಈಗಿನ ಹುಬ್ಬಳ್ಳಿ ತಾಲ್ಲೂಕಿನ ಕೋಳಿವಾಡ ನಾರಣಪ್ಪನ ಊರು ಎಂಬುದು ಪರಂಪರೆಯ ನಂಬಿಕೆ. ಇಮ್ಮಡಿ ದೇವರಾಯ ವಿಜಯನಗರವನ್ನು ಆಳುತ್ತಿದ್ದ 15ನೇ ಶತಮಾನದ ಪೂರ್ವಾರ್ಧವೇ ಆತನ ಕಾಲ ಎಂದು ಬಹಳಷ್ಟು ವಿದ್ವಾಂಸರು ಒಪ್ಪುತ್ತಾರೆ. ಆತ ಆಶ್ರಯಿಸಿದ್ದು ಅರಮನೆಯನ್ನಲ್ಲ, ಗದುಗಿನ ವೀರನಾರಾಯಣನ ಗುಡಿಯನ್ನು. ಸ್ನಾನ ಮಾಡಿ ಒದ್ದೆ ಬಟ್ಟೆಯಲ್ಲೇ ದೇವರೆದುರು ಕುಳಿತು, ಬಟ್ಟೆ ಆರುವವರೆಗೆ ಪದ್ಯ ಹೇಳುತ್ತಿದ್ದನೆಂಬ ಐತಿಹ್ಯವುಂಟು. ಆತ ಒರಗಿ ಕುಳಿತನೆಂದು ಹೇಳಲಾಗುವ ಕಂಬವನ್ನು ದೇವಾಲಯದಲ್ಲಿ ಇಂದಿಗೂ ತೋರಿಸುತ್ತಾರೆ.

ರಾಮಾಯಣ ಬರೆದ ಕವಿಗಳ ಭಾರಕ್ಕೆ ಆದಿಶೇಷನೇ ತಿಣುಕಿದನೆಂದು ಚಟಾಕಿ ಹಾರಿಸಿದ ಆತ, ಕೈಗೆತ್ತಿಕೊಂಡದ್ದು ಮಹಾಭಾರತವನ್ನು. ಭಾಮಿನಿ ಷಟ್ಪದಿಯ ಎಂಟು ಸಾವಿರಕ್ಕೂ ಹೆಚ್ಚು ಪದ್ಯಗಳಲ್ಲಿ ಮೊದಲ ಹತ್ತು ಪರ್ವಗಳು ಕನ್ನಡಕ್ಕೆ ಬಂದವು. ಉಳಿದ ಪರ್ವಗಳನ್ನು ಮುಂದೆ ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರೈಸಿದ.

ಅಂದಿನ ಮಾಧ್ಯಮ ತಾಳೆಗರಿ. ಹಲಗೆ, ಬಳಪ ಹಿಡಿಯದೆ, ಇಟ್ಟ ಪದವನ್ನು ಅಳಿಸದೆ, ಅನ್ಯರ ದಾರಿ ತುಳಿಯದೆ ಬರೆದೆನೆಂಬುದು ಕವಿಯ ಹೆಮ್ಮೆ. ಆದರೂ ಕಾವ್ಯದ ಕೀರ್ತಿಯನ್ನು ಆತ ತನ್ನದೆನ್ನಲಿಲ್ಲ. ವೀರನಾರಾಯಣನೇ ಕವಿ, ತಾನು ಬರೆದುಕೊಂಡವನಷ್ಟೇ ಎಂದ.

ಆತ ತನ್ನ ಕೇಳುಗರನ್ನೂ ಬಲ್ಲವನಾಗಿದ್ದ. ಅರಸರಿಗೆ ವೀರ, ದ್ವಿಜರಿಗೆ ವೇದದ ಸಾರ, ಮಂತ್ರಿಗಳಿಗೆ ನೀತಿ, ವಿರಹಿಗಳಿಗೆ ಶೃಂಗಾರ ಈ ಒಂದೇ ಕೃತಿಯಲ್ಲಿ ದೊರೆಯುತ್ತದೆಂದು ಪೀಠಿಕೆಯಲ್ಲೇ ಸಾರಿದ. ಬೇರೆ ಬೇರೆ ಅಭಿರುಚಿಯವರಿಗೆ ಆತ ಬೇರೆ ಬೇರೆ ಕಾವ್ಯ ಬರೆಯಲಿಲ್ಲ. ಎಲ್ಲರನ್ನೂ ಒಂದೇ ಕಾವ್ಯದ ಸುತ್ತ ಕೂರಿಸಿದ. ಅದಕ್ಕೆ ತಕ್ಕಂತೆ ಆತನ ಭಾಷೆ ಜನರ ಬಾಯಿಮಾತಿಗೆ ಹತ್ತಿರವಾಗಿತ್ತು. ಕನ್ನಡದ ತಿರುಳು ನಾಡೆಂದು ಕವಿರಾಜಮಾರ್ಗ ಹೆಸರಿಸುವ ಪುಲಿಗೆರೆ, ಅಂದರೆ ಇಂದಿನ ಲಕ್ಷ್ಮೇಶ್ವರ, ಗದುಗಿನ ನೆರೆಯಲ್ಲೇ ಇದೆ.

ಕವಿಯ ತರುವಾಯ ಕಾವ್ಯವನ್ನು ಕಾಪಾಡಿದವರು ಪ್ರತಿಕಾರರು ಮತ್ತು ಗಮಕಿಗಳು. ಅಕ್ಷರ ಬಾರದವರೂ ಗುಡಿಯ ಅಂಗಳದಲ್ಲಿ, ಮನೆಯ ಜಗಲಿಯಲ್ಲಿ ಕುಳಿತು ಭಾರತ ಕೇಳಿದರು. ಗಮಕಿ ಓದಿದ ಪದ್ಯಕ್ಕೆ ವ್ಯಾಖ್ಯಾನಕಾರ ಅರ್ಥ ಹೇಳುತ್ತಿದ್ದ. ಕರ್ಣನ ಸಾವಿಗೆ ಊರೇ ಕೂಡಿ ಕಣ್ಣೀರಿಟ್ಟಿತು. ಇದರೊಡನೆ ತೊಡಕೂ ಇತ್ತು. ಕೈಯಿಂದ ಕೈಗೆ ಪ್ರತಿಯಾಗುವಾಗ ಪಾಠಾಂತರಗಳು ಹುಟ್ಟಿದವು, ಅನ್ಯರ ಪದ್ಯಗಳು ನುಸುಳಿದವು. ಅವುಗಳನ್ನು ಬೇರ್ಪಡಿಸಲು ವಿದ್ವಾಂಸರು ಹಲವು ಹಸ್ತಪ್ರತಿಗಳನ್ನು ಎದುರಿಟ್ಟು ಹೋಲಿಸಬೇಕಾಯಿತು.

ಅಚ್ಚಿನ ಯುಗ ಬಂದಾಗ ಕಾವ್ಯ ಮತ್ತೊಮ್ಮೆ ಮಾಧ್ಯಮ ಬದಲಿಸಿತು. ಕುವೆಂಪು ಮತ್ತು ಮಾಸ್ತಿ ವೆಂಕಟೇಶ ಅಯ್ಯಂಗಾರ್ ಸಂಪಾದಿಸಿದ ಜನಪ್ರಿಯ ಆವೃತ್ತಿಯನ್ನು 1958ರಲ್ಲಿ ಮೈಸೂರು ಸರ್ಕಾರ ಅಗ್ಗದ ಬೆಲೆಗೆ ಹೊರತಂದಿತು. ಕವಿ ಕುಳಿತ ಊರು ಗದಗವೂ ಮುದ್ರಣಾಲಯಗಳಿಂದ ಮುದ್ರಣ ಕಾಶಿ ಎನಿಸಿಕೊಂಡಿತು. ಆಕಾಶವಾಣಿ ಗಮಕವನ್ನು ಮನೆಮನೆಗೆ ಮುಟ್ಟಿಸಿತು. ಈಗ ಅದೇ ಪದ್ಯಗಳು ಅಂತರ್ಜಾಲದಲ್ಲಿ ಪಠ್ಯವಾಗಿ, ಧ್ವನಿಯಾಗಿ ಉಚಿತವಾಗಿ ಸಿಗುತ್ತವೆ. ಮುಂಡರಗಿಯ ವಿದ್ಯಾರ್ಥಿಗೂ ಅಮೆರಿಕದ ಕನ್ನಡಿಗನಿಗೂ ಅವು ಒಂದೇ ಕ್ಷಣದಲ್ಲಿ ಎಟುಕುತ್ತವೆ.

ಇದು ಸಣ್ಣ ಲಾಭವಲ್ಲ. ತಾಳೆಗರಿಗೆ ಗೆದ್ದಲಿನ ಭಯವಿತ್ತು, ಪುಸ್ತಕಕ್ಕೆ ಬೆಲೆಯಿತ್ತು; ಮೊಬೈಲ್ ಎರಡನ್ನೂ ದಾಟಿಸಿದೆ. ಆದರೆ ಅದರ ಪರದೆ ಒಬ್ಬೊಬ್ಬರ ರುಚಿಯನ್ನು ಅಳೆದು ಒಬ್ಬೊಬ್ಬರಿಗೂ ಬೇರೆಯದನ್ನೇ ಬಡಿಸುತ್ತದೆ. ವೀರ ಬಯಸಿದವನಿಗೆ ವೀರವಷ್ಟೇ, ನೀತಿ ಬಯಸಿದವನಿಗೆ ನೀತಿಯಷ್ಟೇ. ನೆರೆಯವನು ಏನು ಕೇಳಿದ, ಯಾವುದಕ್ಕೆ ಮರುಗಿದ ಎಂಬುದು ತಿಳಿಯುವುದೇ ಇಲ್ಲ. ನಾರಣಪ್ಪನ ಕೇಳುಗರಲ್ಲಿ ಭಿನ್ನಾಭಿಪ್ರಾಯವಿರಲಿಲ್ಲವೆಂದಲ್ಲ, ಆದರೆ ಅವರು ಕೇಳಿದ ಕಥೆ ಒಂದೇ ಆಗಿತ್ತು. ವಾದಕ್ಕಾದರೂ ಒಂದು ಸಮಾನ ನೆಲೆಯಿತ್ತು.

ಕಾವ್ಯ ಉಳಿಯಿತು, ಹರಡಿತು. ಅದನ್ನು ಕೂಡಿ ಕೇಳುವ ಅಭ್ಯಾಸ ಉಳಿಸಿಕೊಳ್ಳುವುದು ಹೇಗೆಂಬುದೇ ಈಗ ಗದುಗಿನ ಮುಂದೆ, ನಾಡಿನ ಮುಂದೆ ಇರುವ ಪ್ರಶ್ನೆ.