ಹಡಗಿನ ಡಾಕ್ಟರ್, ಲಡಾಖಿನ ಸನ್ಯಾಸಿ

ಟ್ರಾನ್ಸ್‌ಜೆಂಡರ್ ವ್ಯಕ್ತಿಗಳು ತಮ್ಮ ದೇಶದಲ್ಲಿ ಬದುಕೋಕೆ ಆಗದೆ ಹೊರದೇಶದಲ್ಲಿ ಆಶ್ರಯ ಕೇಳಿದ ಸುದ್ದಿಗಳನ್ನ ಆಗಾಗ ಓದ್ತೀವಿ. ಅದರಲ್ಲಿ ದಾರಿ ಹೆಚ್ಚಾಗಿ ಒಂದೇ ದಿಕ್ಕಿನದು: ಏಷ್ಯಾ, ಆಫ್ರಿಕಾ ಕಡೆಯಿಂದ ಯುರೋಪಿಗೆ, ಕೆನಡಾಗೆ. 1958ರಲ್ಲಿ ಒಬ್ಬ ಡಾಕ್ಟರ್ ಪೂರ್ತಿ ಉಲ್ಟಾ ದಾರಿ ಹಿಡಿದ. ಇಂಗ್ಲೆಂಡಿನ ಪತ್ರಿಕೆಗಳ ಕೈಯಿಂದ ತಪ್ಪಿಸಿಕೊಂಡು ಭಾರತಕ್ಕೆ ಬಂದ. ಅವನ ಹೆಸರು ಮೈಕಲ್ ಡಿಲ್ಲನ್.

ಬರೆಯೋಕೆ ಕೂತಾಗ ಮೊದಲ ತೊಂದರೆ ಕನ್ನಡದ್ದೇ. ನಮ್ಮ ಭಾಷೆಯಲ್ಲಿ ಕ್ರಿಯಾಪದಕ್ಕೂ ಲಿಂಗ ಇದೆ, ಹೋದ ಇಲ್ಲಾ ಹೋದಳು ಅಂತ ಏನಾದರೂ ಒಂದು ಆರಿಸಲೇಬೇಕು. ಹೋದರು ಅಂತ ಮರ್ಯಾದೆಯ ಬಹುವಚನ ಹಾಕಿ ಜಾರಿಕೊಳ್ಳಬಹುದಿತ್ತು. ಆದರೆ ಹೋದ ಅಂತ ಅನ್ನಿಸಿಕೊಳ್ಳೋಕೆ ಈ ಮನುಷ್ಯ ಅರ್ಧ ಆಯಸ್ಸು ಖರ್ಚು ಮಾಡಿದ್ದಾನೆ. ಅದಕ್ಕೆ ಬಾಲ್ಯದಿಂದಲೂ ಹಾಗೇ ಬರೀತೀನಿ.

1915ರ ಮೇ 1ರಂದು ಲಂಡನ್‌ನಲ್ಲಿ ಹುಟ್ಟಿದಾಗ ಹೆಣ್ಣುಮಗು ಅಂತ ನೋಂದಣಿ ಆಯ್ತು. ಹುಟ್ಟಿದ ಕೆಲವೇ ದಿನಕ್ಕೆ ತಾಯಿ ತೀರಿಹೋದರು. ಡಿಲ್ಲನ್ ಮತ್ತು ಅವನ ಅಣ್ಣ ಫೋಕ್‌ಸ್ಟನ್ ಅನ್ನೋ ಸಮುದ್ರತೀರದ ಊರಲ್ಲಿ ಸೋದರತ್ತೆಯರ ಮನೆಯಲ್ಲಿ ಬೆಳೆದರು. ಮನೆತನ ಐರ್ಲೆಂಡಿನ ಜಮೀನ್ದಾರರದ್ದು, ಅದರ ಜೊತೆ ಬ್ಯಾರನೆಟ್ ಅನ್ನೋ ಬಿರುದು. ಹೆಸರಿನ ಮುಂದೆ ಸರ್ ಅಂತ ಬರುತ್ತೆ, ಗಂಡಸರಿಗೆ ಮಾತ್ರ ವಂಶಪಾರಂಪರ್ಯವಾಗಿ ಸಿಗುತ್ತೆ. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಎಲ್ಲಾ ಕೆಡೋದು ಇದರಿಂದಲೇ.

ಆಕ್ಸ್‌ಫರ್ಡ್‌ನಲ್ಲಿ ಓದುವಾಗ ಮಹಿಳೆಯರ ರೋಯಿಂಗ್ ಕ್ಲಬ್‌ಗೆ ಅಧ್ಯಕ್ಷ. 1938ರಲ್ಲಿ ಡಿಗ್ರಿ ಮುಗೀತು. ಟೆಸ್ಟೊಸ್ಟಿರಾನ್ ಅನ್ನ ಲ್ಯಾಬಿನಲ್ಲಿ ಮೊದಲು ತಯಾರಿಸಿದ್ದು 1935ರಲ್ಲಿ, ಅಂದರೆ ಆಗ ಅದು ಹೊಸಾ ಔಷಧಿ. ಅದನ್ನ ಬೇರೆ ಕಾಯಿಲೆಗೆ ಬಳಸ್ತಿದ್ದ ಜಾರ್ಜ್ ಫಾಸ್ ಅನ್ನೋ ಡಾಕ್ಟರ್ ಹತ್ರ ಡಿಲ್ಲನ್ ಹೋದ. ಫಾಸ್ ಮಾತ್ರೆ ಕೊಟ್ಟರು, ಜೊತೆಗೆ ಮನೋವೈದ್ಯರ ಹತ್ರ ಕಳಿಸಿದರು. ಆ ಮನೋವೈದ್ಯರು ವಿಷಯವನ್ನ ಊರೆಲ್ಲಾ ಹೇಳಿಬಿಟ್ಟರು. ಕೆಲಸ ಮಾಡ್ತಿದ್ದ ಜಾಗದಲ್ಲಿ ಮುಖ ತೋರಿಸೋ ಹಾಗಿರಲಿಲ್ಲ, ಡಿಲ್ಲನ್ ಬ್ರಿಸ್ಟಲ್‌ಗೆ ಓಡಿದ. ಓಡಿದ್ದು ಇದೇ ಮೊದಲು.

ಬ್ರಿಸ್ಟಲ್‌ನಲ್ಲಿ ಸಿಕ್ಕಿದ ಕೆಲಸ ಗ್ಯಾರೇಜಿನಲ್ಲಿ. ಆಕ್ಸ್‌ಫರ್ಡ್ ಪದವೀಧರ ಪೆಟ್ರೋಲ್ ಹಾಕ್ತಿದ್ದ, ಕೆಟ್ಟು ನಿಂತ ಗಾಡಿಗಳನ್ನ ಎಳೆದು ತರ್ತಿದ್ದ. ಆಮೇಲೆ ಯುದ್ಧ ಬಂತು. ಜರ್ಮನ್ ವಿಮಾನಗಳು ಬಾಂಬ್ ಹಾಕೋ ರಾತ್ರಿಗಳಲ್ಲಿ ಗ್ಯಾರೇಜಿಗೆ ಬೆಂಕಿ ಬೀಳದ ಹಾಗೆ ಕಾಯೋ ಡ್ಯೂಟಿ. ಮಾತ್ರೆ ಕೆಲಸ ಮಾಡಿತ್ತು: ಧ್ವನಿ ಒಡೀತು, ಗಡ್ಡ ಬಂತು. ಹಳೇ ಕೆಲಸಗಾರರು ಹೊಸಬರ ಮುಂದೆ ಇವನ ಗುಟ್ಟು ಹೇಳಿ ನಗ್ತಿದ್ದರು. ಅದನ್ನೂ ನುಂಗಿಕೊಂಡು ಅಲ್ಲೇ ನಾಲ್ಕು ವರ್ಷ ಇದ್ದ. ಈ ವಿಷಯದ ಬಗ್ಗೆ ಒಂದು ಪುಸ್ತಕವನ್ನೂ ಬರೆದ. ಸೆಲ್ಫ್ ಅನ್ನೋ ಹೆಸರಿನಲ್ಲಿ ಅದು 1946ರಲ್ಲಿ ಬಂತು. ಮನಸ್ಸನ್ನ ದೇಹಕ್ಕೆ ಹೊಂದಿಸೋಕೆ ಆಗದಿದ್ದರೆ ದೇಹವನ್ನ ಮನಸ್ಸಿಗೆ ಹೊಂದಿಸಬೇಕು ಅನ್ನೋದು ಅದರ ವಾದ. ತನ್ನ ಕಥೆ ಅಂತ ಮಾತ್ರ ಎಲ್ಲೂ ಬಾಯಿಬಿಡಲಿಲ್ಲ.

1942ರಲ್ಲಿ ಒಬ್ಬ ಪ್ಲಾಸ್ಟಿಕ್ ಸರ್ಜನ್ ಎದೆಯ ಶಸ್ತ್ರಚಿಕಿತ್ಸೆ ಮಾಡಿ, ಜನನ ದಾಖಲೆ ಬದಲಾಯಿಸೋಕೆ ದಾರಿ ತೋರಿಸಿ, ಹೆರಾಲ್ಡ್ ಗಿಲ್ಲೀಸ್ ಅವರ ಪರಿಚಯ ಮಾಡಿಕೊಟ್ಟರು. ಮೊದಲ ಮಹಾಯುದ್ಧದಲ್ಲಿ ಮುಖ ಕಳಕೊಂಡ ಸೈನಿಕರಿಗೆ ಮುಖ ಕಟ್ಟಿಕೊಟ್ಟ ಸರ್ಜನ್ ಗಿಲ್ಲೀಸ್. ಅವರ ಟೆಕ್ನಿಕ್ ನಮ್ಮಂಥವರಿಗೆ ಇಷ್ಟ ಆಗೋ ಥರದ್ದು. ಚರ್ಮದ ಒಂದು ಪಟ್ಟಿಯನ್ನ ಎಬ್ಬಿಸಿ ಪೈಪಿನ ಹಾಗೆ ಸುತ್ತಿ ಹೊಲಿಯೋದು, ಎರಡೂ ತುದಿ ದೇಹಕ್ಕೇ ಅಂಟಿಕೊಂಡಿರುತ್ತೆ, ಹಾಗಾಗಿ ರಕ್ತದ ಸಪ್ಲೈ ನಿಲ್ಲಲ್ಲ. ಆಮೇಲೆ ಒಂದು ತುದಿ ಬಿಡಿಸಿ ಬೇಕಾದ ಜಾಗಕ್ಕೆ ಸೇರಿಸೋದು. ಡಿಲ್ಲನ್‌ಗೆ 1946ರಿಂದ 1949ರ ನಡುವೆ ಕಡಿಮೆ ಅಂದರೂ 13 ಆಪರೇಷನ್ ಆಯ್ತು. ಆಸ್ಪತ್ರೆಯ ದಾಖಲೆಯಲ್ಲಿ ಹುಟ್ಟಿನಿಂದ ಬಂದ ಮೂತ್ರನಾಳದ ದೋಷ ಅಂತ ಬರೆದುಕೊಂಡರು.

ಪೇಪರ್ ಕೆಲಸವೂ ಒಂದೊಂದಾಗಿ ಮುಗೀತು. ಜನನ ಪ್ರಮಾಣಪತ್ರ 1944ರಲ್ಲೇ ತಿದ್ದಿತ್ತು. ಹಳೇ ಟ್ಯೂಟರ್ ಒಬ್ಬರ ಸಹಾಯದಿಂದ ಆಕ್ಸ್‌ಫರ್ಡ್ ದಾಖಲೆಯಲ್ಲೂ ಮಹಿಳೆಯರ ಕಾಲೇಜಿನ ಬದಲು ಗಂಡಸರ ಕಾಲೇಜಿನ ಹೆಸರು ಬಂತು. ಡಬ್ಲಿನ್‌ನ ಟ್ರಿನಿಟಿ ಕಾಲೇಜಿನಲ್ಲಿ ಮೆಡಿಸಿನ್ ಸೇರಿ, ಅಲ್ಲಿ ಗಂಡಸರ ತಂಡದಲ್ಲಿ ರೋಯಿಂಗ್ ಮಾಡಿದ. ರಜೆ ಬಂದಾಗ ಇಂಗ್ಲೆಂಡಿಗೆ ಹೋಗಿ ಆಪರೇಷನ್ ಮಾಡಿಸಿಕೊಳ್ತಿದ್ದ. 1951ರಲ್ಲಿ ಡಾಕ್ಟರ್ ಆದ.

ಅವನನ್ನ ದೇವರು ಮಾಡೋ ಉದ್ದೇಶ ನನಗಿಲ್ಲ. ಹೆಂಗಸರ ಬಗ್ಗೆ ಒರಟಾಗಿ ಮಾತಾಡ್ತಿದ್ದ, ಮನೆತನದ ಜಂಬವೂ ಇತ್ತು. ರೋಬರ್ಟಾ ಕೊವೆಲ್ ಅನ್ನೋ ಮಾಜಿ ಫೈಟರ್ ಪೈಲಟ್, ರೇಸಿಂಗ್ ಡ್ರೈವರ್ ಅವನ ಪುಸ್ತಕ ಓದಿ ಭೇಟಿಯಾದರು. ಅವರೂ ಟ್ರಾನ್ಸ್, ಹೆಣ್ಣಾಗಿ ಬದುಕಬೇಕು ಅಂತಿದ್ದವರು. ಕಾನೂನು ಬಿಡದ ಒಂದು ಆಪರೇಷನ್ ಅನ್ನ, ಇನ್ನೂ ವಿದ್ಯಾರ್ಥಿಯಾಗಿದ್ದ ಡಿಲ್ಲನ್ ಅವರಿಗೆ ಗುಟ್ಟಾಗಿ ಮಾಡಿದ. ಸಿಕ್ಕಿಬಿದ್ದಿದ್ದರೆ ಇಬ್ಬರ ಕಥೆಯೂ ಅಲ್ಲಿಗೇ ಮುಗೀತಿತ್ತು. ಮದುವೆ ಆಗೋಣ ಅಂತಲೂ ಕೇಳಿದ, ಕೊವೆಲ್ ಒಪ್ಪಲಿಲ್ಲ.

1952ರಿಂದ ಹಡಗುಗಳಲ್ಲಿ ಡಾಕ್ಟರ್ ಕೆಲಸ. ಗಡ್ಡ, ಪೈಪು, ದೇಶದೇಶ ಸುತ್ತಾಟ. ಆರು ವರ್ಷ ಯಾರಿಗೂ ಏನೂ ಗೊತ್ತಾಗಲಿಲ್ಲ.

ಬ್ರಿಟನ್ನಿನಲ್ಲಿ ದೊಡ್ಡ ಮನೆತನಗಳ ವಂಶಾವಳಿ ಅಚ್ಚು ಹಾಕೋ ಎರಡು ಪುಸ್ತಕ ಇದ್ದವು, ಡೆಬ್ರೆಟ್ಸ್ ಮತ್ತು ಬರ್ಕ್ಸ್. ಬಿರುದು ಆಗ ಅಣ್ಣನ ಹತ್ರ ಇತ್ತು, ಅವನಿಗೆ ಗಂಡುಮಗು ಇರಲಿಲ್ಲ. ಮುಂದಿನ ವಾರಸುದಾರ ತಮ್ಮ ಮೈಕಲ್ ಅಂತ ಡೆಬ್ರೆಟ್ಸ್ ಹಾಕಿತ್ತು. ಬರ್ಕ್ಸ್‌ನಲ್ಲಿ ಅದೇ ಜಾಗದಲ್ಲಿ ತಂಗಿಯ ಹೆಸರು. ಎರಡು ಡೇಟಾಬೇಸ್, ಒಂದು ಅಪ್‌ಡೇಟ್ ಆಗಿದೆ, ಇನ್ನೊಂದು ಆಗಿಲ್ಲ, ಅಷ್ಟೇ ವ್ಯತ್ಯಾಸ. ಅದು ಪತ್ರಿಕೆಯವರ ಕಣ್ಣಿಗೆ ಬಿತ್ತು. 1958ರ ಮೇ ತಿಂಗಳಲ್ಲಿ ಸಿಟಿ ಆಫ್ ಬಾತ್ ಅನ್ನೋ ಹಡಗು ಅಮೆರಿಕದ ಬಾಲ್ಟಿಮೋರ್ ಬಂದರಿನಲ್ಲಿದ್ದಾಗ ವರದಿಗಾರರು ಅಲ್ಲಿಗೇ ಬಂದರು. ಹುಟ್ಟಿನಿಂದಲೇ ಗಂಡು, ದೇಹದಲ್ಲಿ ದೋಷ ಇತ್ತು ಅಂತ ಆಸ್ಪತ್ರೆಯ ಹಳೇ ಸಬೂಬನ್ನೇ ಹೇಳಿದ. ಯಾರು ಕೇಳ್ತಾರೆ? ಸುದ್ದಿ ಜಗತ್ತೆಲ್ಲಾ ಹರಡಿತು. ಅಣ್ಣ ಮೊದಲಿಂದಲೂ ಇವನನ್ನ ತಮ್ಮ ಅಂತ ಒಪ್ಪಿರಲೇ ಇಲ್ಲ.

ಬೌದ್ಧಧರ್ಮದ ಪುಸ್ತಕಗಳನ್ನ ಆಗಲೇ ಓದೋಕೆ ಶುರುಮಾಡಿದ್ದ ಡಿಲ್ಲನ್ ಹಡಗಿನ ಕೆಲಸ ಬಿಟ್ಟು ಭಾರತಕ್ಕೆ ಬಂದ. ಕಾಗದದ ಮೇಲೆ ಅವನು ನಿರಾಶ್ರಿತ ಅಲ್ಲ, ಬ್ರಿಟಿಷ್ ಪಾಸ್‌ಪೋರ್ಟ್ ಇಟ್ಟುಕೊಂಡ ವಿದೇಶಿ. ನಿರಾಶ್ರಿತ ಯಾರು ಅಂತ ಹೇಳೋ 1951ರ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಲಿಂಗತ್ವದ ಮಾತೇ ಇಲ್ಲ. ಭಾರತ ಆ ಒಪ್ಪಂದಕ್ಕೆ ಇವತ್ತಿಗೂ ಸಹಿ ಹಾಕಿಲ್ಲ.

ಕಾಲಿಂಪಾಂಗ್‌ನಲ್ಲಿ ಸಂಘರಕ್ಷಿತ ಅನ್ನೋ ಇಂಗ್ಲಿಷ್ ಭಿಕ್ಷುವಿನ ಹತ್ರ ಸ್ವಲ್ಪ ಕಾಲ ಇದ್ದು ಸಾರನಾಥಕ್ಕೆ ಹೋದ. ಬುದ್ಧನ ವೈದ್ಯನ ಹೆಸರು ಜೀವಕ, ಅದನ್ನೇ ಇಟ್ಟುಕೊಂಡ. ಗಡ್ಡ ಹೋಯ್ತು, ತಲೆ ಬೋಳಾಯ್ತು. ಆದರೆ ಮೂರನೇ ಲಿಂಗದವರಿಗೆ ಭಿಕ್ಷು ದೀಕ್ಷೆ ಕೊಡಬಾರದು ಅಂತ ವಿನಯ ಪಿಟಕದಲ್ಲಿ ನಿಯಮ ಇದೆ. ಹಳೇ ವಿಷಯ ತಿಳಿದ ಮೇಲೆ ಪೂರ್ಣ ದೀಕ್ಷೆಯ ದಾರಿ ಅಲ್ಲಿ ಮುಚ್ಚಿತು. ಪತ್ರಿಕೆಯವರು ಕೇಳಿದ್ದೇ ಪ್ರಶ್ನೆಯನ್ನ ಧರ್ಮವೂ ಕೇಳ್ತು.

ಆಗ ಟಿಬೆಟಿಯನ್ನರ ಕಡೆ ತಿರುಗಿದ. 1959ರಲ್ಲಿ ದಲೈ ಲಾಮಾ ಜೊತೆ ಸಾವಿರಾರು ಜನ ಗಡಿ ದಾಟಿ ಬಂದಿದ್ದ ಕಾಲ ಅದು, ನಾವೆಲ್ಲಾ ಕೂರ್ಗ್ ಟ್ರಿಪ್‌ನಲ್ಲಿ ಫೋಟೋ ತೆಗೆಸಿಕೊಳ್ಳೋ ಬೈಲಕುಪ್ಪೆಯ ಶಿಬಿರ ಶುರುವಾಗಿದ್ದೂ ಇದೇ ಸುಮಾರಿಗೆ. 1960ರಲ್ಲಿ ಲಡಾಖಿನ ರಿಜೋಂಗ್ ಮಠ ಅವನನ್ನ ಕಿರಿಯ ಸನ್ಯಾಸಿಯಾಗಿ ಸೇರಿಸಿಕೊಂಡಿತು. ಹೆಸರು ಲೋಬ್ಜಾಂಗ್ ಜೀವಕ. ವಯಸ್ಸು 45, ಸಾಲಿನಲ್ಲಿ ಜಾಗ ಮಾತ್ರ ಹುಡುಗರ ಜೊತೆ. ಊಟ ಕಮ್ಮಿ, ಚಳಿ ಜಾಸ್ತಿ, ಕೆಲಸ ಅಡುಗೆಮನೆಯಲ್ಲಿ. ಮನೆತನದ ಜಂಬದವನು ಅಲ್ಲಿ ಖುಷಿಯಾಗಿದ್ದ.

ಸುಮಾರು ಮೂರು ತಿಂಗಳು, ಅಷ್ಟೇ. ಲಡಾಖ್ ಗಡಿ ಪ್ರದೇಶ, ವಿದೇಶಿಯರಿಗೆ ಸರ್ಕಾರದ ಅನುಮತಿ ಬೇಕು. ಅವಧಿ ಮುಗೀತು, ಸಾರನಾಥಕ್ಕೆ ವಾಪಸ್. ಒಂದು ಕಾಲದಲ್ಲಿ ಎಲ್ಲಾ ಕಾಗದ ಸರಿಮಾಡಿಕೊಂಡಿದ್ದವನಿಗೆ ಈ ಒಂದು ಕಾಗದ ಮತ್ತೆ ಸಿಗಲಿಲ್ಲ. ಮಠದ ದಿನಗಳ ಬಗ್ಗೆ, ಮಿಲರೇಪನ ಬಗ್ಗೆ ಪುಸ್ತಕ ಬರೆದ. ಆರೋಗ್ಯ ಕೆಟ್ಟಿತ್ತು. 1962ರ ಮೇ 15ರಂದು ಡಾಲ್‌ಹೌಸಿಯ ಆಸ್ಪತ್ರೆಯಲ್ಲಿ ತೀರಿಹೋದ, ಆಗ 47 ವರ್ಷ.

ಅದಕ್ಕೆ ಎರಡು ವಾರ ಮುಂಚೆ, ತನ್ನ ಹುಟ್ಟುಹಬ್ಬದ ದಿನ, ಆತ್ಮಕಥೆಗೆ ಮುನ್ನುಡಿ ಬರೆದು ಮುಗಿಸಿದ್ದ. ಈ ಸಲ ಏನನ್ನೂ ಮುಚ್ಚಿಟ್ಟಿರಲಿಲ್ಲ. ಹಸ್ತಪ್ರತಿ ಲಂಡನ್‌ನ ಏಜೆಂಟ್ ಕೈ ಸೇರಿತು. ಅದನ್ನ ನಾಶ ಮಾಡಿ ಅಂತ ಅಣ್ಣ ಹಠ ಹಿಡಿದ, ಏಜೆಂಟ್ ಮಾಡಲಿಲ್ಲ. ಐವತ್ತಕ್ಕೂ ಹೆಚ್ಚು ವರ್ಷ ಸುಮ್ಮನೆ ಬಿದ್ದಿದ್ದು 2016ರಲ್ಲಿ ಅಚ್ಚಾಯ್ತು. ಲೇಖಕರ ಜಾಗದಲ್ಲಿ ಎರಡು ಹೆಸರು ಇವೆ: ಮೈಕಲ್ ಡಿಲ್ಲನ್, ಲೋಬ್ಜಾಂಗ್ ಜೀವಕ. ಎರಡೂ ಅವನವೇ.