ಡಾರ್ವಿನ್‌ನ ಕಪಾಟು ಮತ್ತು ಚೀಟಿಗಳು

ಚಾರ್ಲ್ಸ್ ಡಾರ್ವಿನ್ ಎಂದೊಡನೆ ವಿಕಾಸವಾದ ನೆನಪಾಗುತ್ತದೆ, ಬೀಗಲ್ ನೌಕೆ ನೆನಪಾಗುತ್ತದೆ. ಆದರೆ ಆತ ಯಾವ ವಿಶ್ವವಿದ್ಯಾಲಯದಲ್ಲೂ ಪ್ರಾಧ್ಯಾಪಕನಾಗಿರಲಿಲ್ಲ, ಯಾವ ಸಂಸ್ಥೆಯಿಂದಲೂ ಸಂಬಳ ಪಡೆಯಲಿಲ್ಲ ಎಂಬ ಸಂಗತಿ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. 1842ರಿಂದ ಕೊನೆಯುಸಿರಿನವರೆಗೆ ಆತ ಬಾಳಿದ್ದು, ದುಡಿದದ್ದು ಲಂಡನ್ ಸಮೀಪದ ಡೌನ್ ಎಂಬ ಹಳ್ಳಿಯ ಸ್ವಂತ ಮನೆಯಲ್ಲಿ. ಜತೆಗೆ ಬಿಡದೆ ಕಾಡಿದ ಅನಾರೋಗ್ಯ. ದಿನಕ್ಕೆ ನಾಲ್ಕು ತಾಸು ದುಡಿಯುವುದೇ ಕಷ್ಟವಾಗಿದ್ದ ವ್ಯಕ್ತಿ ಅಷ್ಟು ದೊಡ್ಡ ಗ್ರಂಥರಾಶಿಯನ್ನು ಸೃಷ್ಟಿಸಿದ್ದು ಹೇಗೆ? ಪ್ರತಿಭೆಯಷ್ಟೇ ಪಾಲು ಆತನ ಕೋಣೆಯ ಕಪಾಟಿಗೂ ಸಲ್ಲಬೇಕು.

ಡಾರ್ವಿನ್ ಜನಿಸಿದ್ದು 1809ರ ಫೆಬ್ರುವರಿ 12ರಂದು, ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿ. 1831ರ ಡಿಸೆಂಬರ್‌ನಲ್ಲಿ ಬೀಗಲ್ ಏರಿ, ಸುಮಾರು ಐದು ವರ್ಷ ಸುತ್ತಿ, 1836ರ ಅಕ್ಟೋಬರ್‌ನಲ್ಲಿ ತಾಯ್ನಾಡಿಗೆ ಮರಳಿದ. 770 ಪುಟಗಳ ದಿನಚರಿ, ಸಾವಿರಾರು ಮಾದರಿಗಳು ಆತನೊಂದಿಗೆ ಬಂದವು. ಇಷ್ಟಾದರೂ ಒಂದು ಲೋಪ ಉಳಿದಿತ್ತು. ಗಲಪಗೋಸ್‌ನಲ್ಲಿ ಹಿಡಿದ ಫಿಂಚ್ ಹಕ್ಕಿಗಳಲ್ಲಿ ಯಾವುದು ಯಾವ ದ್ವೀಪದ್ದೆಂದು ಆತ ಸರಿಯಾಗಿ ಗುರುತು ಹಾಕಿರಲಿಲ್ಲ. ಅವು ಪ್ರತ್ಯೇಕ ಪ್ರಭೇದಗಳೆಂದು ಪಕ್ಷಿತಜ್ಞ ಜಾನ್ ಗೌಲ್ಡ್ 1837ರಲ್ಲಿ ತಿಳಿಸಿದಾಗ, ನೌಕೆಯ ಕಪ್ತಾನ ಫಿಟ್ಸ್‌ರಾಯ್ ಮೊದಲಾದವರ ಸಂಗ್ರಹಗಳ ನೆರವು ಪಡೆಯಬೇಕಾಯಿತು. ವಸ್ತು ಕೈಯಲ್ಲಿದ್ದರೂ ಗುರುತು ಇಲ್ಲದಿದ್ದರೆ ಅದರ ಬೆಲೆ ಅರ್ಧಕ್ಕಿಳಿಯುತ್ತದೆ.

ಅದೇ ವರ್ಷ ಜುಲೈನಲ್ಲಿ ಪ್ರಭೇದಗಳ ಬದಲಾವಣೆ ಕುರಿತು ಆತ ಪ್ರತ್ಯೇಕ ಟಿಪ್ಪಣಿ ಪುಸ್ತಕ ತೆರೆದ. ಕ್ರಮೇಣ ಒಂದು ಪದ್ಧತಿಯೇ ರೂಪುಗೊಂಡಿತು. ಓದಿದ ಪ್ರತಿ ಪುಸ್ತಕದ ಕೊನೆಯಲ್ಲಿ, ತನ್ನ ಕೆಲಸಕ್ಕೆ ಬರುವ ಸಂಗತಿಗಳ ಪುಟಸೂಚಿಯನ್ನು ಬರೆದಿಡುತ್ತಿದ್ದ. ಪುಸ್ತಕ ಸ್ವಂತದ್ದಲ್ಲವಾದರೆ ಸಾರಾಂಶವನ್ನು ಪ್ರತ್ಯೇಕ ಹಾಳೆಗೆ ಇಳಿಸುತ್ತಿದ್ದ. ವಿಷಯಕ್ಕೊಂದರಂತೆ ಮೂವತ್ತು-ನಲವತ್ತು ದೊಡ್ಡ ಕಡತಗಳು, ಅವುಗಳಿಗೆ ಹೆಸರುಪಟ್ಟಿ ಅಂಟಿಸಿದ ಗೂಡುಗಳು. ಹೊಸ ಗ್ರಂಥ ಆರಂಭಿಸುವ ಮುನ್ನ ಈ ಸೂಚಿಗಳನ್ನೆಲ್ಲ ಸೇರಿಸಿ ವರ್ಗೀಕರಿಸಿದರೆ, ಜೀವಮಾನದ ಸಂಗ್ರಹ ಕೈಗೆಟಕುತ್ತಿತ್ತು. ಪುಸ್ತಕಗಳ ಬಗ್ಗೆ ಆತನಿಗೆ ಭಕ್ತಿಯಿರಲಿಲ್ಲ. ಭಾರವಾದ ಗ್ರಂಥವನ್ನು ಎರಡು ಹೋಳು ಮಾಡಿ ಓದಿದ್ದೂ ಉಂಟು.

ಈ ಪದ್ಧತಿಯಲ್ಲಿ ಅತ್ಯಂತ ಕಠಿಣ ನಿಯಮ ಒಂದಿತ್ತು. ತನ್ನ ನಿಲುವಿಗೆ ವಿರುದ್ಧವಾದ ಸಂಗತಿ ಕಂಡರೆ ತಡಮಾಡದೆ, ತಪ್ಪದೆ ಬರೆದಿಡುವುದು. ಅನುಕೂಲಕರ ಸಂಗತಿಗಳಿಗಿಂತ ಇಂಥವೇ ಬೇಗ ಮರೆತುಹೋಗುತ್ತವೆ ಎಂಬುದು ಆತ ಕಂಡುಕೊಂಡ ಸತ್ಯ.

ದಿನಚರಿಯೂ ಅಷ್ಟೇ ಕಟ್ಟುನಿಟ್ಟು. ಬೆಳಿಗ್ಗೆ ಎಂಟರಿಂದ ಒಂಬತ್ತೂವರೆ, ಹತ್ತೂವರೆಯಿಂದ ಹನ್ನೆರಡು, ಸಂಜೆ ಒಂದು ತಾಸು. ಕೆಲಸಕ್ಕೆ ಮೀಸಲು ಇಷ್ಟೇ. ನಡುವೆ ಪತ್ರವ್ಯವಹಾರ, ವಿಶ್ರಾಂತಿ, ಮರಳುಹಾದಿಯಲ್ಲಿ ನಡಿಗೆ. ಸುತ್ತುಗಳ ಲೆಕ್ಕ ತಪ್ಪದಿರಲು ಕಲ್ಲುಗಳನ್ನು ಪೇರಿಸಿಟ್ಟು ಸುತ್ತಿಗೊಂದರಂತೆ ಕಾಲಿನಿಂದ ಬದಿಗೆ ತಳ್ಳುತ್ತಿದ್ದ. ರಾತ್ರಿ ಪತ್ನಿ ಎಮ್ಮಾಳೊಡನೆ ಬ್ಯಾಕ್‌ಗ್ಯಾಮನ್ ಆಟ. ಪಾರಿವಾಳ ಸಾಕುವವರಿಂದ ಹಿಡಿದು ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯದಲ್ಲಿದ್ದ ಎಡ್ವರ್ಡ್ ಬ್ಲೈತ್‌ವರೆಗೆ ಹಲವರು ಪತ್ರಗಳ ಮೂಲಕವೇ ಮಾಹಿತಿ ಒದಗಿಸಿದರು. ಪಿತ್ರಾರ್ಜಿತ ಸಂಪತ್ತು, ಆಳುಕಾಳುಗಳು, ಎಮ್ಮಾಳ ಆರೈಕೆ ಇಲ್ಲದಿದ್ದರೆ ಈ ಶಿಸ್ತು ಸಾಧ್ಯವಾಗುತ್ತಿರಲಿಲ್ಲ ಎಂಬುದೂ ನಿಜ.

1844ರಲ್ಲಿ ಸಿದ್ಧಾಂತದ ದೀರ್ಘ ಕರಡು ಸಿದ್ಧವಾಯಿತು. ತಾನು ಹಠಾತ್ತನೆ ಸತ್ತರೆ ಅದನ್ನು ಪ್ರಕಟಿಸಲು 400 ಪೌಂಡ್ ವಿನಿಯೋಗಿಸಬೇಕೆಂದೂ, ಕಡತಗಳಲ್ಲಿನ ಚೀಟಿಗಳನ್ನು ಸಂಪಾದಕನಿಗೆ ಒಪ್ಪಿಸಬೇಕೆಂದೂ ಎಮ್ಮಾಳಿಗೆ ಪತ್ರ ಬರೆದಿಟ್ಟ. ಆದರೆ ಪ್ರಕಟಣೆಯನ್ನು ಮುಂದೂಡುತ್ತಲೇ ಹೋದ. 1846ರಿಂದ ಎಂಟು ವರ್ಷ ಬಾರ್ನಕಲ್ ಎಂಬ ಕಡಲಜೀವಿಗಳ ಅಧ್ಯಯನದಲ್ಲೇ ಸಂದವು.

1858ರ ಜೂನ್‌ನಲ್ಲಿ ಸಿಡಿಲು ಬಡಿಯಿತು. ಈಗಿನ ಇಂಡೊನೇಷ್ಯಾದಲ್ಲಿದ್ದ ಆಲ್‌ಫ್ರೆಡ್ ರಸೆಲ್ ವ್ಯಾಲೇಸ್ ಕಳಿಸಿದ ಪ್ರಬಂಧದಲ್ಲಿ ಬಹುಮಟ್ಟಿಗೆ ಅದೇ ಸಿದ್ಧಾಂತವಿತ್ತು. ಇಪ್ಪತ್ತು ವರ್ಷಗಳ ಶ್ರಮ ಪರರ ಪಾಲಾಗುವ ಆತಂಕ ಒಂದೆಡೆ. ಅದೇ ಜೂನ್ 28ರಂದು ಕಿರಿಯ ಮಗು ಜ್ವರಕ್ಕೆ ಬಲಿಯಾದ ದುಃಖ ಇನ್ನೊಂದೆಡೆ. ಕಾಪಾಡಿದ್ದು ಕಡತಗಳೇ. ಜುಲೈ 1ರಂದು ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿ ವ್ಯಾಲೇಸ್ ಪ್ರಬಂಧದೊಂದಿಗೆ, 1844ರ ಕರಡಿನ ಭಾಗ ಹಾಗೂ ಅಮೆರಿಕದ ಸಸ್ಯವಿಜ್ಞಾನಿ ಏಸಾ ಗ್ರೇಗೆ 1857ರಲ್ಲಿ ಬರೆದ ಪತ್ರದ ಸಾರವನ್ನು ಓದಲಾಯಿತು. ಡಾರ್ವಿನ್ ಆ ಸಭೆಗೆ ಹೋಗಲಿಲ್ಲ.

ಬಳಿಕ ಸುಮಾರು 13 ತಿಂಗಳಲ್ಲೇ 'ಆರಿಜಿನ್ ಆಫ್ ಸ್ಪೀಷೀಸ್' ಸಿದ್ಧವಾಯಿತು. 1859ರ ನವೆಂಬರ್ 24ರಂದು 1,250 ಪ್ರತಿಗಳೊಂದಿಗೆ ಪ್ರಕಟವಾಯಿತು. ಸಿದ್ಧಾಂತಕ್ಕೆ ಇರುವ ತೊಡಕುಗಳಿಗೆಂದೇ ಅದರಲ್ಲಿ ಒಂದು ಅಧ್ಯಾಯವಿದೆ. ವಿರೋಧಿಗಳು ಎತ್ತಿದ ಆಕ್ಷೇಪಗಳಲ್ಲಿ ಹಲವು, ಅವರಿಗಿಂತ ಮುಂಚೆಯೇ ಆತನ ಚೀಟಿಗಳಲ್ಲಿದ್ದವು.

1882ರ ಏಪ್ರಿಲ್ 19ರಂದು ಡಾರ್ವಿನ್ ನಿಧನನಾದ. ಹಿಂದಿನ ವರ್ಷವಷ್ಟೇ ಎರೆಹುಳುಗಳ ಕುರಿತ ಆತನ ಗ್ರಂಥ ಹೊರಬಂದಿತ್ತು. ವಿಶೇಷವೆಂದರೆ, ಲೋಕವನ್ನೇ ಅಲುಗಿಸಿದ 'ಆರಿಜಿನ್' ಹಸ್ತಪ್ರತಿಯನ್ನು ಆತ ಜೋಪಾನ ಮಾಡಲಿಲ್ಲ. ಉಳಿದಿರುವ ಕೆಲವೇ ಹಾಳೆಗಳಲ್ಲಿ ಕೆಲವು, ಹಿಂಬದಿಯಲ್ಲಿ ಮಕ್ಕಳು ಚಿತ್ರ ಬಿಡಿಸಿದ್ದರಿಂದ ಉಳಿದುಕೊಂಡವು. ಮುಂದೆ ಬೇಕಾಗುವ ಚೀಟಿಯನ್ನು ಕಾಯ್ದಿಟ್ಟ ಆತ, ಕೆಲಸ ಮುಗಿದ ಹಾಳೆಯನ್ನು ಮಕ್ಕಳ ಕೈಗೆ ಬಿಟ್ಟುಕೊಟ್ಟ.