ಯಾವ ಬೈಕು? ‘ಯಾವಾ’ ಬೈಕು!

ಭಾನುವಾರ ಬೆಳಿಗ್ಗೆ ಕಾಪು ಬೀಚಿಗೆ ಹೋದವರಿಗೆ ಆ ಸದ್ದು ಗೊತ್ತು. ಹೊಸ ಬೈಕುಗಳೆಲ್ಲ ಒಂದೇ ಥರ ಗುಂಯ್ ಅಂತ ಹೋಗುವಾಗ, ಹಿಂದಿನಿಂದ ಡುಗ್ ಡುಗ್ ಡುಗ್ ಅಂತ ಬರುವ ಹಳೇ ಜಾವಾ ಅಥವಾ ಯೆಜ್ಡಿ. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಹಿಂದೆ ತೆಳು ನೀಲಿ ಹೊಗೆ. ನಾವಂತೂ ತಿರುಗಿ ನೋಡದೆ ಇರುವುದಿಲ್ಲ. ಮೈಸೂರಿನ ಬೈಕು ಅಂತ ಎಲ್ಲರಿಗೂ ಗೊತ್ತು. ಆದರೆ ‘ಜಾವಾ’ ಅಂದರೆ ಏನು ಮಾರಾಯ್ರೆ? ಇಂಡೋನೇಷ್ಯಾದ ದ್ವೀಪವಾ, ನಾವು ಲ್ಯಾಬಿನಲ್ಲಿ ಬರೆಯುವ ಕೋಡಾ? ಎರಡೂ ಅಲ್ಲ. ಅದರಲ್ಲಿರುವುದು ಒಬ್ಬ ಇಂಜಿನಿಯರನ ಹೆಸರಿನ ಮೊದಲೆರಡು ಅಕ್ಷರ.

ಆ ಇಂಜಿನಿಯರ್ ಫ್ರಾಂಟಿಶೆಕ್ ಯಾನೆಚೆಕ್. ಹುಟ್ಟಿದ್ದು 1878ರ ಜನವರಿ 23ರಂದು, ಈಗಿನ ಚೆಕ್ ದೇಶದ ಒಂದು ಹಳ್ಳಿಯಲ್ಲಿ. ಆಗ ಅದು ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಭಾಗ. ಪ್ರಾಗ್ ಮತ್ತು ಬರ್ಲಿನ್‌ನಲ್ಲಿ ತಾಂತ್ರಿಕ ಶಿಕ್ಷಣ ಮುಗಿಸಿ, ಬೇರೆಯವರ ಕಾರ್ಖಾನೆಗಳಲ್ಲಿ ದುಡಿದು, ಆಮೇಲೆ ಸ್ವಂತ ವರ್ಕ್‌ಶಾಪ್ ಇಟ್ಟರು. ಯಂತ್ರ ಕಂಡರೆ ಅದನ್ನು ಇನ್ನೂ ಚೆನ್ನಾಗಿ ಮಾಡಬಹುದಲ್ಲ ಅಂತ ಯೋಚಿಸುವ ಜಾತಿಯ ಮನುಷ್ಯ.

ಮೊದಲನೇ ಮಹಾಯುದ್ಧ ಬಂತು. ಯಾನೆಚೆಕ್ ಅವರ ಬುದ್ಧಿ ಆಯುಧದ ಕಡೆ ತಿರುಗಿತು. ಅವರು ರೂಪಿಸಿದ ಕೈಬಾಂಬು ಮುಂದೆ ಚೆಕೊಸ್ಲೊವಾಕಿಯಾದ ಸೇನೆಯ ಕೈಗೂ ಬಂತು. ಯುದ್ಧ ಮುಗಿದು ಹೊಸ ದೇಶ ಹುಟ್ಟಿದಾಗ ಅದಕ್ಕೆ ತನ್ನದೇ ಆಯುಧ ಬೇಕಿತ್ತು. 1922ರಲ್ಲಿ ಯಾನೆಚೆಕ್ ಆಯುಧ ಕಾರ್ಖಾನೆ ಶುರುಮಾಡಿದರು. ಹಳೇ ಮೆಷಿನ್ ಗನ್ನುಗಳನ್ನು ಹೊಸ ಸೇನೆಗೆ ಒಗ್ಗುವಂತೆ ಮಾರ್ಪಡಿಸುವ ಕೆಲಸವೂ ಸಿಕ್ಕಿತು. ಇದನ್ನು ಮುಚ್ಚಿಟ್ಟು ಬರೆಯುವುದು ನಮಗೆ ಸರಿ ಕಾಣಲಿಲ್ಲ. ನಾವು ಪ್ರೀತಿಸುವ ಬೈಕಿನ ಹಿಂದೆ ಬಾಂಬು ಮಾಡಿದ ಕೈಯೂ ಇದೆ.

ಆದರೆ ಆಯುಧದ ವ್ಯಾಪಾರಕ್ಕೊಂದು ತೊಂದರೆ. ಶಾಂತಿ ಬಂದರೆ ಆರ್ಡರ್ ನಿಲ್ಲುತ್ತದೆ. 1920ರ ದಶಕದ ಕೊನೆಗೆ ಆದದ್ದು ಅದೇ. ಯಂತ್ರಗಳಿವೆ, ಪಳಗಿದ ಕೆಲಸಗಾರರಿದ್ದಾರೆ, ಮಾಡಲು ಕೆಲಸವಿಲ್ಲ. ಬಾಗಿಲು ಹಾಕಬೇಕು, ಇಲ್ಲವೇ ಜನರಿಗೆ ದಿನನಿತ್ಯ ಬೇಕಾಗುವ ವಸ್ತು ಮಾಡಬೇಕು. ಯಾನೆಚೆಕ್ ಮೋಟಾರ್ ಸೈಕಲ್ ಆರಿಸಿಕೊಂಡರು. ಜರ್ಮನಿಯ ವಾಂಡರರ್ ಕಂಪನಿ ಆಗ ಬೈಕು ತಯಾರಿಕೆಯಿಂದ ಹೊರಬರುತ್ತಿತ್ತು. ಅದರ 500 ಸಿಸಿ ಬೈಕಿನ ಹಕ್ಕನ್ನು ಇವರು ಕೊಂಡರು. ಯಾನೆಚೆಕ್‌ನ ‘ಜಾ’, ವಾಂಡರರ್‌ನ ‘ವಾ’ ಸೇರಿ 1929ರಲ್ಲಿ ‘ಜಾವಾ’ ಆಯಿತು. ಚೆಕ್ ಜನ ಇದನ್ನು ‘ಯಾವಾ’ ಅಂತಾರೆ. ಯಾವ ಬೈಕು ಅಂತ ಯಾರಾದರೂ ಕೇಳಿದರೆ ನಮಗೆ ಉತ್ತರ ಸುಲಭ!

ಮೊದಲ ಬೈಕು ನೋಡಲು ಭರ್ಜರಿ. ತಗಡು ಒತ್ತಿ ಮಾಡಿದ ಫ್ರೇಮ್, ಚೈನಿನ ಬದಲು ಶಾಫ್ಟ್ ಡ್ರೈವ್. ಆದರೆ ಬೆಲೆ ಜಾಸ್ತಿ, ಎಂಜಿನ್ನಿನಲ್ಲಿ ಸಮಸ್ಯೆಗಳು ಬೇರೆ. ಅದೇ ವರ್ಷ ಅಮೆರಿಕದ ಷೇರು ಮಾರುಕಟ್ಟೆ ಕುಸಿದು ಜಗತ್ತೆಲ್ಲ ಕೈ ಬಿಗಿಹಿಡಿಯಿತು. ದುಬಾರಿ ಬೈಕು ಯಾರು ಕೊಳ್ತಾರೆ? ಐವತ್ತು ದಾಟಿದ ಯಾನೆಚೆಕ್, ಕಂಪನಿಯನ್ನೇ ಪಣಕ್ಕಿಟ್ಟು ಮಾಡಿದ ಪ್ರಾಜೆಕ್ಟು ಎಡವಿತ್ತು.

ನಮಗೆ ಅವರು ದೊಡ್ಡವರಾಗಿ ಕಾಣುವುದು ಇಲ್ಲಿ. ತನ್ನ ಹೆಸರು ಹೊತ್ತ ಬೈಕು ಅಂತ ಅದಕ್ಕೇ ಜೋತುಬೀಳಲಿಲ್ಲ. ಜಾರ್ಜ್ ಪ್ಯಾಚೆಟ್ ಎಂಬ ಇಂಗ್ಲಿಷ್ ವಿನ್ಯಾಸಕಾರನನ್ನು ಕರೆಸಿಕೊಂಡರು. ಆತ ರೇಸ್ ಬೈಕುಗಳ ಮನುಷ್ಯ. ಆದರೆ ಕಂಪನಿಯನ್ನು ಉಳಿಸಿದ್ದು 1932ರಲ್ಲಿ ಬಂದ ಪುಟ್ಟ ಬೈಕು. ಇಂಗ್ಲೆಂಡಿನ ವಿಲಿಯರ್ಸ್ ಕಂಪನಿಯ 175 ಸಿಸಿ ಟೂ ಸ್ಟ್ರೋಕ್ ಎಂಜಿನ್ ಅದರದ್ದು. ಟೂ ಸ್ಟ್ರೋಕ್ ಅಂದರೆ ಗೊತ್ತಲ್ಲ, ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. ಪಿಸ್ಟನ್ನೇ ಮೇಲೆ ಕೆಳಗೆ ಹೋಗುತ್ತಾ ಪೋರ್ಟುಗಳನ್ನು ತೆರೆದು ಮುಚ್ಚುತ್ತದೆ. ಬಿಡಿಭಾಗ ಕಡಿಮೆ, ಬೆಲೆ ಕಡಿಮೆ, ರಿಪೇರಿ ಸುಲಭ. ಜನ ಮುಗಿಬಿದ್ದು ಕೊಂಡರು. 1934ರಲ್ಲಿ ಜಾವಾ ಹೆಸರಿನಲ್ಲಿ ಕಾರೂ ಬಂತು.

ನೆಮ್ಮದಿ ಬಹಳ ದಿನ ಉಳಿಯಲಿಲ್ಲ. 1939ರ ಮಾರ್ಚಿನಲ್ಲಿ ಹಿಟ್ಲರನ ಸೇನೆ ಪ್ರಾಗ್‌ಗೆ ನುಗ್ಗಿತು. ಕಾರ್ಖಾನೆ ಜರ್ಮನ್ನರ ಕೆಲಸ ಮಾಡಬೇಕಾಯಿತು. 1941ರ ಜೂನ್ 4ರಂದು ಯಾನೆಚೆಕ್ ತೀರಿಕೊಂಡರು. ದೇಶ ಬಿಡುಗಡೆ ಆದದ್ದನ್ನು ಅವರು ನೋಡಲಿಲ್ಲ.

ಆದರೆ ಅವರ ಕಾರ್ಖಾನೆಯ ಇಂಜಿನಿಯರುಗಳು ಸುಮ್ಮನಿರಲಿಲ್ಲ. ಜರ್ಮನ್ನರ ಕಣ್ಣು ತಪ್ಪಿಸಿ ಹೊಸ 250 ಸಿಸಿ ಬೈಕು ತಯಾರು ಮಾಡುತ್ತಿದ್ದರು. 1946ರಲ್ಲಿ ಪ್ಯಾರಿಸ್ ಪ್ರದರ್ಶನದಲ್ಲಿ ಅದು ಹೊರಬಂದಾಗ ಎಲ್ಲರಿಗೂ ಆಶ್ಚರ್ಯ. ಹಿಂದಿನ ಚಕ್ರಕ್ಕೂ ಸ್ಪ್ರಿಂಗ್ ಇದ್ದದ್ದರಿಂದ ‘ಪೆರಾಕ್’ ಅಂತ ಹೆಸರಾಯಿತು. ಗೇರ್ ಲಿವರ್ ಒತ್ತಿದರೆ ಕ್ಲಚ್ ತಾನೇ ಬಿಡುವ ವ್ಯವಸ್ಥೆಯೂ ಅದರಲ್ಲಿತ್ತು. ಅಷ್ಟರಲ್ಲಿ ಕಂಪನಿ ಯಾನೆಚೆಕ್ ಕುಟುಂಬದ ಕೈತಪ್ಪಿ ಸರ್ಕಾರದ ಪಾಲಾಗುತ್ತಿತ್ತು. ಹೆಸರು ಮಾತ್ರ ಟ್ಯಾಂಕಿನ ಮೇಲೆ ಉಳಿಯಿತು.

ಆ ಹೆಸರೇ ನಮ್ಮ ಕಡೆಗೂ ಬಂತು. ಮುಂಬೈಯ ಇರಾನಿ ಕುಟುಂಬ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿತು. 1961ರಲ್ಲಿ ಅದನ್ನು ಉದ್ಘಾಟಿಸಿದವರು ಜಯಚಾಮರಾಜ ಒಡೆಯರ್. 1973ರಿಂದ ಬೈಕಿನ ಹೆಸರು ಯೆಜ್ಡಿ ಆಯಿತು. ಕಿಕ್ಕರ್ ಅನ್ನೇ ಮುಂದಕ್ಕೆ ತಿರುಗಿಸಿದರೆ ಅದೇ ಗೇರ್ ಲಿವರ್! ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಿದರೆ ಎರಡು ಜನ, ಜೊತೆಗೊಂದು ಅಕ್ಕಿ ಮೂಟೆ ಸಲೀಸಾಗಿ ಹೋಗುತ್ತಿತ್ತು. ಆಮೇಲೆ ಕಡಿಮೆ ಪೆಟ್ರೋಲ್ ಕುಡಿಯುವ ಜಪಾನಿ ತಂತ್ರಜ್ಞಾನದ 100 ಸಿಸಿ ಬೈಕುಗಳು ಬಂದವು, ಹೊಗೆಯ ನಿಯಮ ಬಿಗಿಯಾಯಿತು. 1996ರಲ್ಲಿ ಮೈಸೂರಿನ ಕಾರ್ಖಾನೆ ನಿಂತಿತು. ಅದನ್ನೇ ನಂಬಿದ್ದ ಕಾರ್ಮಿಕರ ಮನೆಗಳಿಗೆ ಅದು ಬರೀ ಬೈಕಿನ ಸುದ್ದಿ ಆಗಿರಲಿಲ್ಲ.

ಅಮೆರಿಕದಲ್ಲೂ ಹೀಗೇ ಆಗಿತ್ತು. 1901ರಲ್ಲಿ ಶುರುವಾದ ‘ಇಂಡಿಯನ್’ ಕಂಪನಿ 1953ರಲ್ಲಿ ತಯಾರಿಕೆ ನಿಲ್ಲಿಸಿತು. ಹೆಸರು ಕೈಯಿಂದ ಕೈಗೆ ದಾಟಿ, 2011ರಲ್ಲಿ ಪೊಲಾರಿಸ್ ಕೊಂಡ ಮೇಲೆ ಗಟ್ಟಿಯಾಗಿ ಎದ್ದು ನಿಂತಿತು. ನಮ್ಮಲ್ಲಿ ಮಹೀಂದ್ರಾ ಬೆಂಬಲದ ಕ್ಲಾಸಿಕ್ ಲೆಜೆಂಡ್ಸ್ 2018ರ ನವೆಂಬರಿನಲ್ಲಿ ಜಾವಾವನ್ನು, 2022ರ ಜನವರಿಯಲ್ಲಿ ಯೆಜ್ಡಿಯನ್ನು ಮತ್ತೆ ರಸ್ತೆಗಿಳಿಸಿತು. ಆದರೆ ಇವು ಫೋರ್ ಸ್ಟ್ರೋಕ್, ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ. ಹೆಸರು ಬಂತು, ಮೈಸೂರಿಗೆ ಕೆಲಸ ಬರಲಿಲ್ಲ. ಪುನರ್ಜನ್ಮದ ಖುಷಿಯಲ್ಲಿ ನಾವು ಇದನ್ನು ಮರೆಯಬಾರದು.

ಯಾನೆಚೆಕ್ ಮೈಸೂರು ನೋಡಲಿಲ್ಲ, ಪೆರಾಕ್ ಕೂಡ ನೋಡಲಿಲ್ಲ. ಅವರ ಮೊದಲ ಬೈಕು ಸೋತಿತು, ಎರಡನೆಯದು ಬೇರೆಯವರ ಎಂಜಿನ್ನಿನಿಂದ ಗೆದ್ದಿತು. ಸೋತದ್ದನ್ನು ಒಪ್ಪಿಕೊಂಡು ಗೊತ್ತಿದ್ದವರನ್ನು ಕೇಳಿದ್ದೇ ಅವರ ಗೆಲುವು. ಸೆಮಿಸ್ಟರ್ ಕೊನೆಯಲ್ಲಿ ನಮ್ಮ ಪ್ರಾಜೆಕ್ಟು ಓಡದೆ ನಿಂತಾಗ ಇದೊಂದು ನೆನಪಿದ್ದರೆ ಸಾಕು. ಮುಂದಿನ ಸಲ ಕಾಪು ರಸ್ತೆಯಲ್ಲಿ ಆ ಡುಗ್ ಡುಗ್ ಕೇಳಿದರೆ, ಓವರ್‌ಟೇಕ್ ಮಾಡುವ ಮೊದಲು ಒಂದು ನಿಮಿಷ ಹಿಂದೆಯೇ ಹೋಗೋಣ. ಹೊಗೆ ಸ್ವಲ್ಪ ಕುಡಿದರೂ ಪರವಾಗಿಲ್ಲ.